ಕಂಕುಳಲ್ಲಿ ಹಲಸಿನ ಹಣ್ಣು, ಆಟ ಕಣ್ಣಾಮುಚ್ಚಾಲೆ

ನ್ಯೂಜಿಲೆಂಡಿನ ದಕ್ಷಿಣ ತುದಿಯ ಬ್ಲಫ್‌ನಿಂದ ಫೆರ್ರಿಯಲ್ಲಿ ಒಂದು ಗಂಟೆ. ತಿಂದದ್ದು ಹೊಟ್ಟೆಯಲ್ಲಿ ಉಳಿದರೆ ನಿಮ್ಮ ಪುಣ್ಯ. ಇಳಿದರೆ ಸ್ಟುವರ್ಟ್ ದ್ವೀಪ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಕರೆಯುವುದು ರಕಿಯುರ ಎಂದು. ಶೇ. 85ರಷ್ಟು ರಾಷ್ಟ್ರೀಯ ಉದ್ಯಾನ, ಊರು ಅಂತ ಇರುವುದು ಒಂದೇ. ಕಾಡು ಸುತ್ತುವವರಿಗೆ 32 ಕಿ.ಮೀ. ಕಾಲುದಾರಿ ಇದೆ.

ಪಕ್ಕದ ಪುಟ್ಟ ಉಲ್ವ ದ್ವೀಪಕ್ಕೆ ಹೋಗುವಾಗ ಮಾತ್ರ ಬ್ಯಾಗ್ ಬಿಚ್ಚಿ ನೋಡಿಕೊಳ್ಳಬೇಕು. ಒಳಗೆ ಇಲಿ ಸೇರಿಕೊಂಡಿದೆಯಾ ಅಂತ! ಅಲ್ಲಿ ಕಾಲಲ್ಲಿ ತರಗೆಲೆ ಕೆದಕಿ ಸುಮ್ನೆ ನಿಂತರೆ, ಬೂದು ಬಣ್ಣದ ಪುಟ್ಟ ರಾಬಿನ್ ಹಕ್ಕಿ ಬೂಟಿನ ಹತ್ತಿರವೇ ಬಂದು ಹುಳ ಹೆಕ್ಕುತ್ತದೆ.

ನ್ಯೂಜಿಲೆಂಡಿನ ಎಷ್ಟೋ ಹಕ್ಕಿಗಳು ಅಳಿದದ್ದಕ್ಕೆ, 'ಹೆದರಿಕೆಯೇ ಇಲ್ಲದ ದಡ್ಡ ಹಕ್ಕಿಗಳು, ಅದಕ್ಕೇ ಸತ್ತವು' ಅನ್ನುವವರಿದ್ದಾರೆ. ಕೇಳಿದರೆ ನನಗೆ ರೇಗುತ್ತದೆ. ಮನುಷ್ಯರು ಬರುವ ಮೊದಲು ಈ ನಾಡಿನ ನೆಲದ ಮೇಲೆ ಬಾವಲಿ ಬಿಟ್ಟರೆ ಬೇರೆ ಸಸ್ತನಿಯೇ ಇರಲಿಲ್ಲ. ಬೇಟೆಗಾರರೆಂದರೆ ಹದ್ದು, ಗಿಡುಗ. ಅವು ಹುಡುಕುವುದು ಕಣ್ಣಿನಿಂದ. ಹಾಗಾಗಿ ಹಾರಲಾರದ ಗಿಳಿ ಕಾಕಾಪೊ ಪಾಚಿ ಬಣ್ಣದ ಗರಿ ಹೊದ್ದು ಕಲ್ಲಿನ ಹಾಗೆ ಕೂರುತ್ತದೆ. ಹದ್ದಿನೆದುರು ಇದು ಪಕ್ಕಾ ಉಪಾಯ.

ಆದರೆ ಅದರ ಮೈಗೆ ಜೇನಿನಂಥ ಗಾಢ ವಾಸನೆ. ಮನುಷ್ಯರ ಜೊತೆ ಬಂದ ಬೆಕ್ಕು, ಇಲಿ ಮೂಗಿನಿಂದ ಹುಡುಕುತ್ತವೆ. ಕಂಕುಳಲ್ಲಿ ಮಾಗಿದ ಹಲಸಿನ ಹಣ್ಣು ಇಟ್ಟುಕೊಂಡು ಅಟ್ಟದ ಮೇಲೆ ಅಡಗಿ ಕೂತ ಹಾಗೆ! ಅಥವಾ ಒಣಮೀನನ್ನು ಪರದೆ ಹಿಂದೆ ಇಟ್ಟು, ಬೆಕ್ಕಿಗೆ ಕಾಣಲ್ಲ ಅಂದುಕೊಂಡ ಹಾಗೆ. ಅಲ್ಲಾಡದೆ ಕೂತಷ್ಟೂ ವೈರಿಗೆ ಕೆಲಸ ಸುಲಭ. ಲಕ್ಷಾಂತರ ವರ್ಷ ಕಾದ ಉಪಾಯವೇ ಉರುಳಾಯಿತು. ಇದರಲ್ಲಿ ದಡ್ಡತನ ಎಲ್ಲಿದೆ? 1977ರಲ್ಲಿ ಸ್ಟುವರ್ಟ್‌ನಲ್ಲಿ ಕಾಕಾಪೊಗಳು ಸಿಕ್ಕಾಗ ಬೆಕ್ಕುಗಳು ಆಗಲೇ ಅವನ್ನು ಮುಗಿಸುತ್ತಿದ್ದವು. ಉಳಿದವನ್ನು ಹಿಡಿದು ಬೆಕ್ಕಿಲ್ಲದ ದ್ವೀಪಗಳಿಗೆ ಸಾಗಿಸಬೇಕಾಯಿತು.

ಇಲಿಯ ಕಥೆ ಇನ್ನೂ ಕೆಟ್ಟದ್ದು. ಸ್ಟುವರ್ಟ್‌ನ ನೈಋತ್ಯಕ್ಕಿರುವ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಹಡಗಿಲಿ ನುಗ್ಗಿದ್ದು 1964ರಲ್ಲಿ ಗೊತ್ತಾಯಿತು. ಅಲ್ಲಿದ್ದ ರೆನ್, ಸ್ನೈಪ್ ಎಂಬ ಹಕ್ಕಿಗಳ ಒಂದೊಂದು ಜಾತಿ, ಒಂದು ಬಾವಲಿ ಜಾತಿ ಶಾಶ್ವತವಾಗಿ ಹೋದವು. ಬೆನ್ನ ಮೇಲೆ ಕಂದು ತಡಿ ಹಾಕಿದಂತಿರುವ ಕಪ್ಪು ಹಕ್ಕಿ ಸ್ಯಾಡಲ್‌ಬ್ಯಾಕ್‌ಗಳಲ್ಲಿ 36ನ್ನು ಮಾತ್ರ ಹಿಡಿದು ಇಲಿಯಿಲ್ಲದ ಕಡೆ ಬಿಟ್ಟರು. ದಕ್ಷಿಣದ ಆ ಜಾತಿಯೆಲ್ಲ ಇವತ್ತು ಆ 36ರ ಸಂತಾನವೇ.

ಉಲ್ವದಲ್ಲಿ 1997ಕ್ಕೆ ಇಲಿ ನಿರ್ಮೂಲವಾಯಿತು. ಈಗ ಅಲ್ಲಿ ಸ್ಯಾಡಲ್‌ಬ್ಯಾಕ್‌ಗಳು ತಲೆ ಮೇಲೆಯೇ ತೊಗಟೆ ಕುಕ್ಕುತ್ತಾ ಗಲಾಟೆ ಮಾಡುತ್ತವೆ. ಬ್ಯಾಗಿನ ತಳವನ್ನೂ ಒಮ್ಮೆ ಕೊಡವಿಕೊಳ್ಳಿ, ಬಿಸ್ಕತ್ತಿನ ಪುಡಿಗೆ ಇಲಿ ಬಂದು ಸೇರಿರಬಹುದು.