ಗಲ್ಫ್‌ನಿಂದ ಬಂದವರು ಊರಿನಲ್ಲಿ ಸ್ಟಿಯರಿಂಗ್ ಹಿಡಿಯುವ ಮೊದಲು

ಮಂಜೇಶ್ವರದಿಂದ ಕಾಸರಗೋಡಿನವರೆಗೆ ದುಬೈ, ಅಬುಧಾಬಿಯ ನಂಟಿಲ್ಲದ ಮನೆ ಅಪರೂಪ. ಡ್ರೈವಿಂಗ್ ಕಲಿಸುವ ನನ್ನ ಬಳಿಗೆ ಎರಡು ಬಗೆಯವರು ಬರುತ್ತಾರೆ. ವೀಸಾ ಕೈಸೇರಿದ ಮೇಲೆ ಅಲ್ಲಿನ ರಸ್ತೆಯ ಬಗ್ಗೆ ಕೇಳಿ ತಿಳಿದುಕೊಳ್ಳಲು ಬರುವವರು ಕೆಲವರು. ರಜೆಯಲ್ಲಿ ಊರಿಗೆ ಬಂದು, ಕೈ ಸ್ವಲ್ಪ ಸರಿಮಾಡಿಕೊಳ್ಳೋಣವೆಂದು ಬರುವವರು ಉಳಿದವರು. ಹೊರಡುವವರಲ್ಲಿ ಹೆದರಿಕೆ ಇರುತ್ತದೆ, ಅದು ಅವರನ್ನು ಕಾಯುತ್ತದೆ. ಬಂದವರಲ್ಲಿ ಹೆದರಿಕೆ ಇರುವುದಿಲ್ಲ. ಹುಟ್ಟಿ ಬೆಳೆದ ಊರು, ಸೈಕಲ್ ಕಲಿತ ರಸ್ತೆ, ಇನ್ನೇನು ಭಯ? ನನಗೆ ಆತಂಕವಾಗುವುದು ಇವರ ಬಗ್ಗೆಯೇ.

ಅಲ್ಲಿ ವಾಹನ ಬಲಬದಿಯಲ್ಲಿ ಸಾಗುತ್ತದೆ, ಇಲ್ಲಿ ಎಡಬದಿಯಲ್ಲಿ. ಇದು ಎಲ್ಲರಿಗೂ ಗೊತ್ತು. ವಾಹನಗಳ ಸಾಲಿನ ನಡುವೆ ಇದನ್ನು ಯಾರೂ ಮರೆಯುವುದಿಲ್ಲ, ಮುಂದಿನ ಕಾರೇ ದಾರಿ ತೋರಿಸುತ್ತದೆ. ಮರೆವು ಬರುವುದು ರಸ್ತೆ ಖಾಲಿ ಇದ್ದಾಗ. ಬೆಳಗಿನ ಜಾವ ಮನೆಯ ಓಣಿಯಿಂದ ಬದಿಯಡ್ಕದ ರಸ್ತೆಗೆ ಇಳಿಯುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಬಲಕ್ಕೆ ತಿರುಗಿದ ಮರುಕ್ಷಣದಲ್ಲಿ ಕೈ ತನ್ನ ಹಳೆಯ ಅಭ್ಯಾಸದಂತೆ ಕಾರನ್ನು ಬಲಬದಿಗೆ ಒಯ್ಯುತ್ತದೆ. ಎದುರಿನಿಂದ ಒಂದು ಬೈಕ್ ಬರುವವರೆಗೂ ತಪ್ಪು ತಿಳಿಯುವುದಿಲ್ಲ. ನಾನು ಕಲಿಸುವ ಉಪಾಯ ಸರಳ. ಎರಡೂ ದೇಶಗಳಲ್ಲಿ ಚಾಲಕ ಕುಳಿತಿರುವುದು ರಸ್ತೆಯ ನಡುಗೆರೆಯ ಕಡೆಗೇ. ಪ್ರತಿ ತಿರುವಿನ ಬಳಿಕ ನಿಮ್ಮ ಪಕ್ಕದ ಕಿಟಕಿಯಾಚೆ ಏನಿದೆ ಎಂದು ನೋಡಿ. ನಡುಗೆರೆ ಕಂಡರೆ ಸರಿ, ಚರಂಡಿ ಕಂಡರೆ ನೀವು ತಪ್ಪು ಬದಿಯಲ್ಲಿದ್ದೀರಿ.

ವೃತ್ತಗಳಲ್ಲಿಯೂ ಇದೇ ತೊಡಕು. ಒಳಗಿರುವ ವಾಹನಕ್ಕೆ ಮೊದಲ ಹಕ್ಕು ಎಂಬ ನಿಯಮ ಎರಡೂ ಕಡೆ ಒಂದೇ. ಆದರೆ ಅಲ್ಲಿ ಆ ವಾಹನ ಎಡದಿಂದ ಬರುತ್ತದೆ, ಇಲ್ಲಿ ಬಲದಿಂದ. ಇನ್ನೊಂದು ಸಣ್ಣ ಸಂಗತಿ: ಅಲ್ಲಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟಿಯರಿಂಗಿನ ಎಡಕ್ಕಿದ್ದರೆ, ಇಲ್ಲಿನ ಮಾರುತಿ, ಹ್ಯುಂಡೈ ಕಾರುಗಳಲ್ಲಿ ಬಲಕ್ಕಿದೆ. ಬಿರುಬಿಸಿಲಿನಲ್ಲಿ ವೈಪರ್ ಓಡಿಸುತ್ತಾ ಇಂಡಿಕೇಟರ್ ಇಲ್ಲದೆ ತಿರುಗುವ ಕಾರನ್ನು ಉಪ್ಪಳ ಪೇಟೆಯಲ್ಲಿ ಕಂಡರೆ, ಚಾಲಕರು ಇತ್ತೀಚೆಗಷ್ಟೇ ವಿಮಾನ ಇಳಿದವರು ಎಂದು ಊಹಿಸುತ್ತೇನೆ. ಹಿಂದಿನ ಸ್ಕೂಟರ್ ಸವಾರನಿಗೆ ಮಾತ್ರ ಅದನ್ನು ಊಹಿಸಲು ಸಮಯವಿರುವುದಿಲ್ಲ.

ಹೆಡ್‌ಲೈಟ್ ಮಿನುಗಿಸುವುದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಅಲ್ಲಿ ಹೆದ್ದಾರಿಯ ಎಡತುದಿಯ ಪಥ ವೇಗದವರಿಗೆ ಮೀಸಲು. ಹಿಂದಿನಿಂದ ದೀಪ ಮಿನುಗಿದರೆ ಮುಂದಿನವರು ಬಲಕ್ಕೆ ಸರಿದು ದಾರಿ ಬಿಡುತ್ತಾರೆ. ನಮ್ಮಲ್ಲಿ ಎದುರಿನಿಂದ ಬರುವವರು ದೀಪ ಮಿನುಗಿಸಿದರೆ "ನಾನು ಬರುತ್ತಿದ್ದೇನೆ, ನೀನು ನಿಲ್ಲು" ಎಂದರ್ಥ. ತಲಪಾಡಿಯಿಂದ ಚೆಂಗಳದವರೆಗಿನ ರಾಷ್ಟ್ರೀಯ ಹೆದ್ದಾರಿ 66ರ ಆರು ಪಥದ ರಸ್ತೆಗೆ ಬಂದೊಡನೆ ಗಲ್ಫ್‌ನ ಚಾಲಕರಿಗೆ ಅಲ್ಲಿನ ರಸ್ತೆಯೇ ನೆನಪಾಗುತ್ತದೆ. ಇಲ್ಲಿ ವೇಗದ ಪಥ ಬಲತುದಿಯದು, ಅದರಲ್ಲೇ ಲಾರಿಯೊಂದು ನಿಧಾನವಾಗಿ ಹೋಗುತ್ತಿರುತ್ತದೆ. ಇವರು ದೀಪ ಮಿನುಗಿಸುತ್ತಾರೆ, ಲಾರಿ ಸರಿಯುವುದಿಲ್ಲ. ಎರಡು ಪಥದ ರಸ್ತೆಯಲ್ಲಾದರೆ ಕೆಲವೊಮ್ಮೆ ಲಾರಿಯವರು ಬಲಗಡೆಯ ಇಂಡಿಕೇಟರ್ ಹಾಕುತ್ತಾರೆ. ನಮ್ಮ ರಸ್ತೆಗಳ ರೂಢಿಯಲ್ಲಿ ಅದಕ್ಕೆ "ಬಲದಿಂದ ಮುಂದೆ ಹೋಗು" ಎಂಬ ಅರ್ಥವಿದೆ, ನಿಯಮದ ಪ್ರಕಾರ "ನಾನು ಬಲಕ್ಕೆ ತಿರುಗುತ್ತಿದ್ದೇನೆ" ಎಂಬ ಅರ್ಥ. ಎರಡರಲ್ಲಿ ಯಾವುದು ಎಂದು ಲಾರಿಯ ಹಿಂದಿನವರಿಗೆ ತಿಳಿಯುವ ದಾರಿಯೇ ಇಲ್ಲ. ಇಂಥ ಕಡೆ ಬೇರೆಯವರ ದೀಪವನ್ನು ನಂಬಿ ಹೆಜ್ಜೆ ಮುಂದಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಸರ್ವಿಸ್ ರಸ್ತೆಗೆ ಇಳಿದ ಮೇಲಂತೂ ಎದುರಿನಿಂದ ಆಟೋ, ಬೈಕ್ ಬಂದೇ ಬರುತ್ತವೆ ಎಂದು ಎಣಿಸಿಯೇ ಓಡಿಸಬೇಕು.

ಹಾಗೆಂದು ಅಲ್ಲಿನದೆಲ್ಲ ಒಳ್ಳೆಯದು, ಇಲ್ಲಿನದೆಲ್ಲ ಕೆಟ್ಟದ್ದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಸುಮ್ಮನೆ ಹಾರ್ನ್ ಬಾರಿಸುವುದು ಒರಟುತನ, ದಂಡಕ್ಕೂ ದಾರಿ. ಅದೇ ಮೌನವನ್ನು ಚೆರ್ಕಳ–ಜಾಲ್ಸೂರು ರಸ್ತೆಗೆ ತರಬೇಡಿ. ಮುಳ್ಳೇರಿಯ ದಾಟಿದ ಮೇಲೆ ಒಂದು ಬದಿ ಕಡಿದ ಮುರಕಲ್ಲಿನ ಗೋಡೆ, ಇನ್ನೊಂದು ಬದಿ ಇಳಿಜಾರಿನ ತೋಟ ಇರುವ ತಿರುವುಗಳಲ್ಲಿ ಎದುರಿನ ಬಸ್ ಕಾಣುವುದಿಲ್ಲ. ಅಂಥ ತಿರುವಿಗೆ ಮೊದಲು ಒಂದು ಚಿಕ್ಕ ಹಾರ್ನ್ ಹಾಕುವುದು ಸಭ್ಯತೆ. ಕುಂಬಳೆ ಪೇಟೆಯಲ್ಲಿ ಸಾಲಿನಲ್ಲಿ ಸಿಕ್ಕಿಕೊಂಡಾಗ ಬಾರಿಸುವ ಹಾರ್ನ್ ಬೇರೆ, ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ನನ್ನನ್ನು ನಿಜವಾಗಿ ನೋಯಿಸುವುದು ಬೇರೊಂದು ವಿಷಯ. ಅಲ್ಲಿ ಕೆಂಪು ದೀಪ ದಾಟಿದರೆ 1000 ದಿರ್ಹಮ್ ದಂಡ, 12 ಕಪ್ಪು ಅಂಕ, 30 ದಿನ ವಾಹನ ಜಪ್ತಿ. ಕಪ್ಪು ಅಂಕ 24 ಮುಟ್ಟಿದರೆ ಲೈಸೆನ್ಸ್ ಅಮಾನತು. ಜೀಬ್ರಾ ಪಟ್ಟಿಯಲ್ಲಿ ಪಾದಚಾರಿಗೆ ದಾರಿ ಬಿಡದಿದ್ದರೆ 500 ದಿರ್ಹಮ್, 6 ಅಂಕ. 2017ರಿಂದ ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ, ನಾಲ್ಕು ವರ್ಷದೊಳಗಿನ ಮಗುವಿಗೆ ಮಕ್ಕಳ ಸೀಟು ಬೇಕೇ ಬೇಕು. ಇದನ್ನೆಲ್ಲ ವರ್ಷಗಟ್ಟಲೆ ಚಾಚೂತಪ್ಪದೆ ಪಾಲಿಸಿದ ತಂದೆಯೇ ಇಲ್ಲಿ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಬ್ರೇಕ್ ಹಾಕಿದಾಗ ಮಗುವಿನ ತಲೆ ಡ್ಯಾಶ್‌ಬೋರ್ಡಿಗೆ ಬಡಿಯುವ ರಭಸ ದೇಶ ನೋಡಿ ಕಡಿಮೆಯಾಗುವುದಿಲ್ಲ. ನಮ್ಮ ಕಾನೂನಿನಲ್ಲೂ ಇದಕ್ಕೆ ಆಸ್ಪದವಿಲ್ಲ. 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. 2023ರ ಜೂನ್‌ನಿಂದ ಕೇರಳದ ರಸ್ತೆಗಳಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮರಾಗಳೂ ನೋಡುತ್ತಿವೆ. ಕ್ಯಾಮರಾ ಇಲ್ಲದ ಓಣಿಯಲ್ಲೂ ಮಗು ಅದೇ ಮಗು.

ಹೊರಡುವವರಿಗೂ ಕೆಲವು ಮಾತು. ಭಾರತದ ಲೈಸೆನ್ಸ್ ತೋರಿಸಿದ ಮಾತ್ರಕ್ಕೆ ಅಲ್ಲಿನದು ಸಿಗುವುದಿಲ್ಲ. ಪ್ರವಾಸಿಯಾಗಿ ಹೋದಾಗ ಅಂತರರಾಷ್ಟ್ರೀಯ ಪರವಾನಗಿ ನಡೆಯುತ್ತದೆ, ನಿವಾಸಿ ವೀಸಾ ಆದ ಮೇಲೆ ಪರೀಕ್ಷೆ ಬರೆದು ಅಲ್ಲಿನ ಲೈಸೆನ್ಸನ್ನೇ ಪಡೆಯಬೇಕು. ದುಬೈಯ ಲಿಖಿತ ಪರೀಕ್ಷೆಗೆ ಮಲಯಾಳವೂ ಇರುವುದರಿಂದ ನಮ್ಮ ಗಡಿನಾಡಿನ ಹುಡುಗರಿಗೆ ಅನುಕೂಲ. ರಸ್ತೆ ಪರೀಕ್ಷೆಯಲ್ಲಿ ಪರೀಕ್ಷಕರು ನಿಮ್ಮ ಕಣ್ಣನ್ನು ಗಮನಿಸುತ್ತಾರೆ. ಪಥ ಬದಲಿಸುವ ಮೊದಲು ಕನ್ನಡಿ ನೋಡಿ, ಕುತ್ತಿಗೆ ತಿರುಗಿಸಿ ಭುಜದ ಪಕ್ಕಕ್ಕೂ ಕಣ್ಣು ಹಾಯಿಸದಿದ್ದರೆ ಅಷ್ಟಕ್ಕೇ ಅನುತ್ತೀರ್ಣರಾಗಬಹುದು. ಇಲ್ಲಿನ ಲೈಸೆನ್ಸ್ ಪರೀಕ್ಷೆಯಲ್ಲಿ 'ಎಚ್' ಆಕಾರದಲ್ಲಿ ಕಾರು ಓಡಿಸಿ ಗೆದ್ದವರಿಗೆ ಈ ಅಭ್ಯಾಸ ಇರುವುದಿಲ್ಲ, ಹಾಗಾಗಿ ನಾನು ಇಲ್ಲಿಯೇ ಅದನ್ನು ಮಾಡಿಸುತ್ತೇನೆ. ವೇಗದ ಲೆಕ್ಕ ಎಮಿರೇಟಿನಿಂದ ಎಮಿರೇಟಿಗೆ, ಅಂದರೆ ಅಲ್ಲಿನ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಬೇರೆ: ದುಬೈಯಲ್ಲಿ ಫಲಕದ ಮಿತಿಯ ಮೇಲೆ 20 ಕಿ.ಮೀ. ತನಕ ಕ್ಯಾಮರಾ ಬಿಡುತ್ತದೆ, ಅಬುಧಾಬಿಯಲ್ಲಿ 2018ರ ಆಗಸ್ಟ್‌ನಿಂದ ಆ ರಿಯಾಯಿತಿ ಇಲ್ಲ. ಕಾರಿಗೆ ಸಣ್ಣ ಗೀರು ಬಿದ್ದರೂ ರಸ್ತೆ ಬದಿಯಲ್ಲಿ ಮಾತನಾಡಿ ಮುಗಿಸುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಪೊಲೀಸ್ ವರದಿ ಇಲ್ಲದೆ ಗ್ಯಾರೇಜಿನವರು ಕೈ ಹಚ್ಚುವುದಿಲ್ಲ.

ಊರಿನ ಲೈಸೆನ್ಸ್ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ರಜೆ ಮುಗಿಯುವ ವಾರದಲ್ಲಿ ಇದು ನೆನಪಾಗಿ ಓಡಾಡುವವರು ಬಹಳ.

ಬಂದ ದಿನವೇ ಕಾರು ಓಡಿಸಬೇಡಿ. ರಾತ್ರಿಯ ವಿಮಾನದಲ್ಲಿ ನಿದ್ದೆಗೆಟ್ಟು ಮಂಗಳೂರಿನಲ್ಲಿ ಇಳಿದವರು ಮನೆಯವರಿಗೋ ಟ್ಯಾಕ್ಸಿಯವರಿಗೋ ಸ್ಟಿಯರಿಂಗ್ ಬಿಟ್ಟುಕೊಡಿ. ಮೊದಲ ಸಲ ಓಡಿಸುವಾಗ ಹಗಲಿರಲಿ, ಪಕ್ಕದಲ್ಲಿ ಇಲ್ಲಿಯೇ ಓಡಿಸುವ ಅಭ್ಯಾಸವಿರುವ ಒಬ್ಬರಿರಲಿ. ಅಲ್ಲಿ ಬೆಳೆದ ಮಕ್ಕಳು ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ ಹೆಜ್ಜೆ ಇಡುತ್ತಾರೆ, ಇಲ್ಲಿ ಹತ್ತಿರದ ವಾಹನ ಬರುವುದು ಬಲದಿಂದ. ಅಜ್ಜಿಯ ಮನೆಯ ಗೇಟು ದಾಟಿ ಅವರು ಒಬ್ಬರೇ ಅಂಗಡಿಗೆ ಹೊರಡುವ ಮೊದಲು, ಕೈಹಿಡಿದು ನಾಲ್ಕೈದು ಸಲ ರಸ್ತೆ ದಾಟಿಸಿ ಅದನ್ನು ಕಲಿಸಿ.