ರಿಪೀಟರ್ ಟೋನ್: ಮಾತು ಇರುವಷ್ಟು ಹೊತ್ತು ಮಾತ್ರ ಬರುವಂತೆ ಮಾಡಿದ್ದು

ನಮ್ಮ ರೇಡಿಯೋ ರಿಪೀಟರ್‌ನ (ಒಂದು ಸೆಟ್‌ನ ಮಾತನ್ನು ಹಿಡಿದು, ದೂರದವರಿಗೂ ಕೇಳುವಂತೆ ಮತ್ತೆ ಗಾಳಿಗೆ ಬಿಡುವ ಸ್ಟೇಷನ್) ಟೋನ್ ನಡವಳಿಕೆ ಬದಲಿಸುವ ಕೆಲಸ ನಿನ್ನೆ ರಾತ್ರಿ ಮುಗಿಯಿತು. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ನನ್ನ ಎರಡು ಸಂಜೆ ಉಳಿಯಲಿ ಅನ್ನೋದು ಆಸೆ.

ಈ ಟೋನ್‌ಗೆ ಸಿಟಿಸಿಎಸ್‌ಎಸ್ ಅಂತ ಹೆಸರು. ಅದರ ಬಗ್ಗೆ ಎರಡೇ ಮಾತು. 67 ರಿಂದ 254.1 ಹರ್ಟ್ಜ್ ನಡುವಿನ ಒಂದು ಸಣ್ಣ ಸ್ವರ ಮಾತಿನ ಜೊತೆಗೇ ಸದಾ ಹೋಗುತ್ತಿರುತ್ತದೆ. ಟೋನ್ ಸ್ಕ್ವೆಲ್ಚ್ ಹಾಕಿಕೊಂಡ ಸೆಟ್ ಆ ಸ್ವರ ಸಿಕ್ಕರೆ ಮಾತ್ರ ಸ್ಪೀಕರ್ ತೆರೆಯುತ್ತದೆ.

ನಮ್ಮ ತೊಂದರೆ ಏನಪ್ಪಾ ಅಂದರೆ, ಟ್ರಾನ್ಸ್‌ಮಿಟರ್ ಆನ್ ಇದ್ದಷ್ಟು ಹೊತ್ತೂ ಟೋನ್ ಹೋಗುತ್ತಿತ್ತು. ಒಬ್ಬರು ಮಾತು ಮುಗಿಸಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಬಿಟ್ಟ ಮೇಲೂ ರಿಪೀಟರ್ ಕೆಲವು ಸೆಕೆಂಡ್ ಗಾಳಿಯಲ್ಲೇ ಇರುತ್ತದೆ, ಅದೇ ಹ್ಯಾಂಗ್ ಟೈಮ್. ಅದರಲ್ಲಿ ಬೀಪ್, ಆಮೇಲೆ ಮೌನ, ನಡುವೆ ಮೋರ್ಸ್‌ನಲ್ಲಿ ಕಾಲ್‌ಸೈನ್ (ರಿಪೀಟರ್‌ನ ಗುರುತಿನ ಹೆಸರು), ಕೊನೆಗೆ ಕ್ಯಾರಿಯರ್ (ಮಾತನ್ನು ಹೊತ್ತೊಯ್ಯುವ ರೇಡಿಯೋ ಅಲೆ) ಬೀಳುವಾಗ 'ಖರ್ರ್' ಅಂತ ಸದ್ದು. ಟೋನ್ ಇರುವುದರಿಂದ ಎಲ್ಲರ ಸ್ಪೀಕರ್‌ನಲ್ಲೂ ಇದೆಲ್ಲ ಕೇಳುತ್ತಿತ್ತು. ದಿನವಿಡೀ ಸೆಟ್ ಆನ್ ಇಟ್ಟುಕೊಂಡವರಿಗೆ ಇದು ತುಂಬಾ ಕಿರಿಕಿರಿ.

ಮಾತಾಡುವವರ ಟೋನನ್ನೇ ಹಾಗೇ ದಾಟಿಸಬಹುದಲ್ವಾ ಅಂತ ಮೊದಲು ಅನ್ನಿಸಿತ್ತು. ಆಗುವುದಿಲ್ಲ. ರಿಪೀಟರ್‌ನ ಆಡಿಯೋ ದಾರಿಯಲ್ಲಿ 300 ಹರ್ಟ್ಜ್‌ಗಿಂತ ಕೆಳಗಿನದನ್ನು ಫಿಲ್ಟರ್ ಕತ್ತರಿಸುತ್ತದೆ. ಹಾಗಾಗಿ ಹೊರಗೆ ಹೋಗುವ ಟೋನನ್ನು ಎನ್‌ಕೋಡರ್ ಬೋರ್ಡ್ ಹೊಸದಾಗಿ ಹುಟ್ಟಿಸುತ್ತದೆ. ಆ ಬೋರ್ಡ್ ಯಾವಾಗ ಬಾಯಿ ಬಿಡಬೇಕು, ಯಾವಾಗ ಮುಚ್ಚಬೇಕು ಅನ್ನುವುದಷ್ಟೇ ನಮ್ಮ ಕೆಲಸ.

ಯಾವ ತಂತಿಯ ಮಾತು ಕೇಳಬೇಕು?

ಹಳೆಯ ಜೋಡಣೆಯಲ್ಲಿ ಎನ್‌ಕೋಡರ್, ರಿಪೀಟರ್‌ನ ಟ್ರಾನ್ಸ್‌ಮಿಟರ್ ಆನ್ ಮಾಡುವ ಪಿಟಿಟಿ ತಂತಿಯ ಮಾತು ಕೇಳುತ್ತಿತ್ತು. ಹ್ಯಾಂಗ್ ಟೈಮ್‌ನಲ್ಲೂ ಆ ತಂತಿ ಆನ್ ಆಗೇ ಇರುತ್ತದೆ, ಹಾಗಾಗಿ ಟೋನ್ ನಿಲ್ಲುವ ಪ್ರಶ್ನೆಯೇ ಇಲ್ಲ. ನಮಗೆ ಬೇಕಾದ್ದು ರಿಸೀವರ್‌ಗೆ ಸಿಗ್ನಲ್ ಬಂದಿದೆ ಅಂತ ಹೇಳುವ ಸಿಓಆರ್ ತಂತಿ.

ಇಲ್ಲೊಂದು ಎಚ್ಚರಿಕೆ. ರಿಪೀಟರ್ ತೆರೆಯಲು ಟೋನ್ ಬೇಕು ಅಂತಿದ್ದರೆ ಬರೀ ಸಿಓಆರ್ ಸಾಲದು. ಹ್ಯಾಂಗ್ ಟೈಮ್ ನಡುವೆ ಯಾವುದೋ ಬೇಡದ ಕ್ಯಾರಿಯರ್ ಒಳಗೆ ಬಂದರೂ ಎನ್‌ಕೋಡರ್ ಎದ್ದುಬಿಡುತ್ತದೆ, ಎಲ್ಲರ ಸ್ಪೀಕರ್ ಸುಮ್ನೆ ತೆರೆದುಕೊಳ್ಳುತ್ತದೆ. ಸಿಓಆರ್ ಮತ್ತು ಟೋನ್ ಡಿಕೋಡರ್ (ಬಂದ ಟೋನ್ ಗುರುತಿಸುವ ಭಾಗ) ಎರಡೂ 'ಹೌದು' ಅಂದ ಮೇಲೆ ರಿಪೀಟರ್ ನಡೆಸುವ ಕಂಟ್ರೋಲರ್ ಕೊಡುವ ತಂತಿಯನ್ನು ಹಿಡಿಯಿರಿ. ಕೆಳಗೆ 'ಸಿಗ್ನಲ್ ತಂತಿ' ಅಂದಾಗಲೆಲ್ಲ ಅದೇ.

ನಾನು ಸಿಕ್ಕಿಬಿದ್ದ ಜಾಗ: ಮೇಲೋ, ಕೆಳಗೋ

ತಂತಿ ಎಳೆದು ಬೆಸುಗೆ ಹಾಕಿದೆ. ಮಾತಾಡುವಾಗ ಟೋನ್ ಇಲ್ಲ, ಮಾತು ನಿಂತ ಕೂಡಲೇ ಟೋನ್ ಹಾಜರು! ಪೂರ್ತಿ ತಿರುಗುಮುರುಗು.

ಕಾರಣ ಇಷ್ಟೇ. ನಮ್ಮ ಸಿಗ್ನಲ್ ತಂತಿ, ಸಿಗ್ನಲ್ ಬಂದಾಗ ಗ್ರೌಂಡ್‌ಗೆ ಇಳಿಯುತ್ತದೆ. ನಮ್ಮ ಎನ್‌ಕೋಡರ್‌ನ ಕಂಟ್ರೋಲ್ ಪಿನ್ ಗ್ರೌಂಡ್ ಆದರೆ ಟೋನ್ ನಿಲ್ಲುತ್ತದೆ. ಎರಡೂ ಗ್ರೌಂಡ್‌ನಲ್ಲೇ 'ಕೆಲಸ' ಮಾಡುತ್ತವೆ, ಆದರೆ ಒಂದರ ಕೆಲಸ 'ಬಂತು' ಅನ್ನುವುದು, ಇನ್ನೊಂದರದು 'ನಿಲ್ಲು' ಅನ್ನುವುದು. ಎರಡನ್ನೂ 'ಆಕ್ಟಿವ್ ಲೋ' ಅಂತ ಬರೆದಿದ್ದನ್ನು ನೋಡಿ, ನೇರ ಜೋಡಿಸಬಹುದು ಅಂದುಕೊಂಡೆ. ಏನು ಆಕ್ಟಿವ್ ಅಂತ ಕೇಳಿಕೊಳ್ಳಲಿಲ್ಲ.

ನಡುವೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿದರೆ ತಿರುವು ಸರಿಹೋಗುತ್ತದೆ. ನಾನು ಹಾಕಿದ್ದು 2ಎನ್3904. ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ಎನ್‌ಕೋಡರ್ ಪಿನ್‌ಗೆ, ಬೇಸ್ 10 ಕೆ ರೆಸಿಸ್ಟರ್ ಮೂಲಕ ಸಿಗ್ನಲ್ ತಂತಿಗೆ. ಸಿಗ್ನಲ್ ಬಂತು, ತಂತಿ ಇಳಿಯಿತು, ಟ್ರಾನ್ಸಿಸ್ಟರ್ ಆಫ್, ಪಿನ್ ಮೇಲೆ, ಟೋನ್ ಶುರು. ಕಾಗದದ ಮೇಲೆ ಸರಿ.

ಪವರ್ ಕೊಟ್ಟರೆ ಟೋನ್ ನಿಲ್ಲುವುದೇ ಇಲ್ಲ. ಈ ಕಂಟ್ರೋಲರ್‌ನ ಹೊರದಾರಿ ಓಪನ್ ಕಲೆಕ್ಟರ್. ಅಂದರೆ ಅದು ತಂತಿಯನ್ನು ಕೆಳಗೆ ಎಳೆಯಬಲ್ಲದು, ಮೇಲಕ್ಕೆ ಎತ್ತಲಾರದು. ಬಿಟ್ಟಾಗ ತಂತಿ ಸುಮ್ನೆ ತೇಲುತ್ತದೆ. ಬೇಸ್‌ಗೆ ಕರೆಂಟ್ ಬರುವುದೇ ಇಲ್ಲ. ಎತ್ತುವ ಕೆಲಸಕ್ಕೆ 5 ವೋಲ್ಟ್‌ನಿಂದ ಒಂದು 4.7 ಕೆ ಪುಲ್-ಅಪ್ ರೆಸಿಸ್ಟರ್ ಬೇಕು. ಅದನ್ನು ಹಾಕಿದ ಕ್ಷಣ ಎಲ್ಲ ಸರಿಯಾಯಿತು.

ಸರಿಯಾಯಿತು ಅಂದುಕೊಂಡು ಮಲ್ಟಿಮೀಟರ್ ಇಟ್ಟರೆ, ಸಿಗ್ನಲ್ ಇಲ್ಲದಾಗ ತಂತಿಯಲ್ಲಿ 5 ಇರಬೇಕಾದ ಕಡೆ 3.6 ವೋಲ್ಟ್. ಲೆಕ್ಕ ಹಾಕಿ ನೋಡಿ. ಬೇಸ್‌ನಲ್ಲಿ 0.7 ಹೋದರೆ ಉಳಿದದ್ದು 4.3. ಅದು 14.7 ಕೆ ದಾಟುವಾಗ ಸುಮಾರು 0.29 ಮಿಲಿಆಂಪ್. ಪುಲ್-ಅಪ್‌ನಲ್ಲೇ 1.4 ವೋಲ್ಟ್ ಬಿದ್ದುಹೋಗುತ್ತದೆ. ಎನ್‌ಕೋಡರ್‌ಗೆ ಇದರಿಂದ ತೊಂದರೆ ಇಲ್ಲ. ಆದರೆ ಅದೇ ತಂತಿ ಲಿಂಕ್ ರೇಡಿಯೋದ ಕಾರ್ಡಿಗೂ ಹೋಗುತ್ತದೆ. ಅಲ್ಲಿರುವ 5 ವೋಲ್ಟ್ ಸಿಮಾಸ್ ಗೇಟ್‌ಗೆ (ಒಂದು ಬಗೆಯ ಲಾಜಿಕ್ ಚಿಪ್) 'ಮೇಲೆ' ಅನ್ನಿಸಲು ಕನಿಷ್ಠ 3.5 ಬೇಕು. ತೀರಾ ಅಂಚಿನಲ್ಲಿತ್ತು. ಬೇಸ್ ರೆಸಿಸ್ಟರ್ 10 ಕೆ ತೆಗೆದು 47 ಕೆ ಹಾಕಿದೆ. ಈಗ 4.6 ವೋಲ್ಟ್. ಎನ್‌ಕೋಡರ್ ಪಿನ್‌ನಿಂದ ಅರ್ಧ ಮಿಲಿಆಂಪ್ ಎಳೆಯಲು ಆ ಸಣ್ಣ ಬೇಸ್ ಕರೆಂಟ್ ಧಾರಾಳ ಸಾಕು.

ಟೋನ್ ಮಟ್ಟ

ಡೀವಿಯೇಷನ್ (ಕ್ಯಾರಿಯರ್‌ನ ಫ್ರೀಕ್ವೆನ್ಸಿ ಆಚೀಚೆ ಸರಿಯುವ ಅಳತೆ) ಗರಿಷ್ಠ 5 ಕಿಲೋಹರ್ಟ್ಜ್ ಇರುವ ಸಿಸ್ಟಮ್‌ಗೆ ಟೋನ್‌ನ ಡೀವಿಯೇಷನ್ 500 ರಿಂದ 750 ಹರ್ಟ್ಜ್ ಸಾಕು. ನಾನು 600 ಇಟ್ಟೆ. ಮೈಕ್ ಒಳದಾರಿಗೆ ಟೋನ್ ಕೊಡಬೇಡಿ, ಅಲ್ಲಿನ ಫಿಲ್ಟರ್ ಅದನ್ನು ನುಂಗುತ್ತದೆ. ಲಿಮಿಟರ್ ದಾಟಿದ ಮೇಲೆ, ಮಾಡ್ಯುಲೇಟರ್ ಹತ್ತಿರ ಕೊಡಿ. ಪರೀಕ್ಷೆಯೆಲ್ಲ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಮೇಲೆ.

ಈಗ ಹೇಗೆ ಕೇಳುತ್ತದೆ

ನನಗೆ ಅತಿ ಇಷ್ಟವಾದ ಭಾಗ ಇದು. ಸಾಮಾನ್ಯವಾಗಿ 'ಖರ್ರ್' ಬರುವುದು ಕ್ಯಾರಿಯರ್ ಹೋದ ಮೇಲೂ ಕೇಳುವವರ ಸೆಟ್‌ನ ಡಿಕೋಡರ್ ಸ್ವಲ್ಪ ಹೊತ್ತು ತೆರೆದೇ ಇರುವುದರಿಂದ. ಅದನ್ನು ತಪ್ಪಿಸಲು ಕೆಲವು ಸೆಟ್‌ಗಳು ಕೊನೆಯಲ್ಲಿ ಟೋನ್‌ನ ಫೇಸ್ ತಿರುಗಿಸುತ್ತವೆ, ರಿವರ್ಸ್ ಬರ್ಸ್ಟ್ ಅಂತ. ನಮಗೆ ಅದು ಬೇಕಾಗಲೇ ಇಲ್ಲ. ಟೋನ್ ಮೊದಲು ನಿಲ್ಲುತ್ತದೆ, ಕ್ಯಾರಿಯರ್ ಇನ್ನೂ ನಿಂತಿರುತ್ತದೆ, ಡಿಕೋಡರ್ ಆ ಮೌನದಲ್ಲೇ ಬಾಗಿಲು ಹಾಕಿಕೊಳ್ಳುತ್ತದೆ. ಕ್ಯಾರಿಯರ್ ಬೀಳುವ ಹೊತ್ತಿಗೆ ಕೇಳಲು ಸ್ಪೀಕರ್ ತೆರೆದೇ ಇರುವುದಿಲ್ಲ.

ಬೀಪ್ ಮಾತ್ರ ಮೊದಲ ದಿನ ಅರ್ಧ ಕೇಳಿಸುತ್ತಿತ್ತು, 'ಬೀ' ಅಂತ ಶುರುವಾಗಿ ತುಂಡಾಗುತ್ತಿತ್ತು. ಟೋನ್ ನಿಂತ ಮೇಲೆ ಡಿಕೋಡರ್ ಮುಚ್ಚಲು ಸುಮಾರು 200 ಮಿಲಿಸೆಕೆಂಡ್ ಬೇಕು. ನಮ್ಮ ಬೀಪ್ 100ಕ್ಕೇ ಬರುತ್ತಿತ್ತು. ಅದನ್ನು 500ಕ್ಕೆ ತಳ್ಳಿದೆ. ಬೀಪ್, ಕಾಲ್‌ಸೈನ್ ಎಲ್ಲ ಬೇಕು ಅನ್ನುವವರು ಟೋನ್ ಸ್ಕ್ವೆಲ್ಚ್ ತೆಗೆದು ಕೇಳಿದರಾಯಿತು.

ಬೆಲೆ ಒಂದಿದೆ. ಹ್ಯಾಂಗ್ ಟೈಮ್‌ನಲ್ಲಿ ಉತ್ತರ ಕೊಡುವಾಗ ಟೋನ್ ಮತ್ತೆ ಮೊದಲಿಂದ ಶುರುವಾಗಬೇಕು. ರಿಪೀಟರ್‌ನ ಡಿಕೋಡರ್ ಎದ್ದು, ಆಮೇಲೆ ಕೇಳುವವರ ಡಿಕೋಡರ್ ಏಳಬೇಕು. ಮೊದಲು ಎರಡನೆಯದಕ್ಕೆ ಕಾಯಬೇಕಿರಲಿಲ್ಲ. ನೆಟ್‌ನಲ್ಲಿ (ರೇಡಿಯೋದಲ್ಲಿ ಸೇರಿ ಮಾತಾಡುವ ಗುಂಪು) ಇರುವವರಿಗೆಲ್ಲ ಹೇಳಿದ್ದೇನೆ: ಪಿಟಿಟಿ ಒತ್ತಿ, ಒಂದು ಸಲ ಉಸಿರು ಎಳೆದುಕೊಂಡು, ಆಮೇಲೆ ಮಾತು ಶುರು ಮಾಡಿ.