ಡಾಂಬರು ರಸ್ತೆಯ ಅಂದಾಜು: ಸಡಿಲ ದಪ್ಪ, ರೋಲರ್ ಹೊಡೆದ ದಪ್ಪ ಮತ್ತು ನನ್ನ 69 ಟನ್ ತಪ್ಪು

ಕೆಂಗೇರಿಯಾಚೆಯ ಖಾಸಗಿ ಬಡಾವಣೆಯೊಂದರ ಒಳರಸ್ತೆಗೆ ಮೇಲ್ಪದರ ಹಾಕಿಸಲು ಎಷ್ಟು ಮಿಶ್ರಣ ಬೇಕು, ಅದರ ಸಾಮಗ್ರಿಗೆ ಎಷ್ಟು ಹಣ ಬೇಕು ಎಂದು ಅಂದಾಜು ಪಟ್ಟಿ ಮಾಡುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂದಿತ್ತು. ರಸ್ತೆಯ ಉದ್ದ 420 ಮೀಟರ್, ಅಗಲ 7 ಮೀಟರ್. ಹಾಕಬೇಕಾದದ್ದು 40 ಮಿ.ಮೀ. ದಪ್ಪದ ಬಿಟುಮಿನಸ್ ಕಾಂಕ್ರೀಟ್, ಅಂದರೆ ನಾವೆಲ್ಲ ಬಿ.ಸಿ. ಎನ್ನುವ ಪದರ. ಗುಣಾಕಾರ ಬಂದರೆ ಸಾಕು ಎಂದುಕೊಂಡು ಕೂತವನು 69 ಟನ್ ಹೆಚ್ಚು ಬರೆದು ಕೊಟ್ಟೆ. ಆ ತಪ್ಪು ಎಲ್ಲಿ ಹುಟ್ಟಿತು ಎಂಬುದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಲ್ಲಿ ಬರುವ ದರಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡ ದುಂಡು ಅಂಕಿಗಳು. ನಿಮ್ಮ ಕೆಲಸಕ್ಕೆ ಲೋಕೋಪಯೋಗಿ ಇಲಾಖೆಯ ಎಸ್.ಆರ್. (ದರಪಟ್ಟಿ) ಅಥವಾ ಆ ವಾರ ತರಿಸಿದ ಕೊಟೇಶನ್ ನೋಡಿಕೊಳ್ಳಬೇಕು.

ಮೊದಲು ಒಂದು ಪದದ ವಿಷಯ. ನಮ್ಮ ಮಾತಿನಲ್ಲಿ ಡ್ರಮ್ಮಿನಲ್ಲಿ ಬರುವ ಕಪ್ಪು ಅಂಟೂ ಡಾಂಬರೇ, ಟಿಪ್ಪರ್‌ನಿಂದ ಹೊಗೆಯಾಡುತ್ತ ಸುರಿಯುವ ಜಲ್ಲಿ ಬೆರೆತ ಮಿಶ್ರಣವೂ ಡಾಂಬರೇ. “ಎಷ್ಟು ಟನ್ ಡಾಂಬರು ಬೇಕು?” ಎಂದು ಯಾರಾದರೂ ಕೇಳಿದರೆ ಉತ್ತರ 15 ಆಗಬಹುದು, 276 ಕೂಡ ಆಗಬಹುದು. ಆದ್ದರಿಂದ ಈ ಟಿಪ್ಪಣಿಯಲ್ಲಿ ಅಂಟಿಗೆ ಬಿಟುಮೆನ್ ಎಂದೂ ಜಲ್ಲಿ ಸೇರಿದ್ದಕ್ಕೆ ಮಿಶ್ರಣ ಎಂದೂ ಬರೆಯುತ್ತೇನೆ.

ನಾನು ಎಡವಿದ ಮೆಟ್ಟಿಲು

ಬಿ.ಸಿ.ಯನ್ನು ಪೇವರ್ ಯಂತ್ರ ರಸ್ತೆಯ ಮೇಲೆ ಹಾಸುವಾಗ ಪದರ ಸಡಿಲವಾಗಿರುತ್ತದೆ, ರೋಲರ್ ಹೋದ ಮೇಲೆ ಕುಗ್ಗುತ್ತದೆ, ಹಾಗಾಗಿ 40 ಮಿ.ಮೀ. ಬೇಕಿದ್ದರೆ 50 ಮಿ.ಮೀ. ಹಾಸಬೇಕು ಎಂಬ ಮಾತನ್ನು ಸೈಟಿನಲ್ಲಿ ಹಲವು ಸಲ ಕೇಳಿದ್ದೆ. ಮಾತು ಸರಿಯಾಗಿಯೇ ಇದೆ. ಸುಮಾರು ಕಾಲು ಭಾಗ ಹೆಚ್ಚು ಹಾಸುವುದು ವಾಡಿಕೆ. ನಾನು ಮಾಡಿದ್ದೇನೆಂದರೆ, 420 × 7 × 0.050 ಎಂದು ಗುಣಿಸಿ 147 ಘನ ಮೀಟರ್ ತೆಗೆದು, ಅದನ್ನು ಪುಸ್ತಕದಲ್ಲಿದ್ದ 2.35 ಟನ್ ಸಾಂದ್ರತೆಯಿಂದ ಗುಣಿಸಿ 345.45 ಟನ್ ಎಂದು ಬರೆದೆ. ಪಟ್ಟಿ ನೋಡಿದ ನಮ್ಮ ಹಿರಿಯ ಎಂಜಿನಿಯರ್ ಆ ಅಂಕಿಯ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, “ರೋಲರ್ ಹೊಡೆದರೆ ಎತ್ತರ ಹೋಗುತ್ತಪ್ಪಾ, ತೂಕ ಎಲ್ಲಿಗೆ ಹೋಗುತ್ತೆ?” ಎಂದಷ್ಟೇ ಕೇಳಿ ವಾಪಸ್ ಕೊಟ್ಟರು.

ಅರ್ಧ ದಿನ ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಕೊನೆಗೆ ಅರ್ಥ ಮಾಡಿಸಿದ್ದು ಮನೆಯ ರಾಗಿ ಹಿಟ್ಟಿನ ಡಬ್ಬ. ಗಿರಣಿಯಿಂದ ಬಿಸಿಬಿಸಿಯಾಗಿ ತಂದ ಐದು ಕೆ.ಜಿ. ಹಿಟ್ಟು ಡಬ್ಬದ ಕಂಠದವರೆಗೆ ಬಂದು ಮುಚ್ಚಳ ಹಾಕಲಾಗದಂತೆ ನಿಂತಿರುತ್ತದೆ. ನಾಲ್ಕು ಸಲ ನೆಲಕ್ಕೆ ಕುಟ್ಟಿದರೆ ಮೂರು ಬೆರಳು ಕೆಳಗಿಳಿಯುತ್ತದೆ. ಕುಟ್ಟಿದ ಮೇಲೂ ಅದು ಐದು ಕೆ.ಜಿ.ಯೇ. ಕಡಿಮೆಯಾದದ್ದು ಹಿಟ್ಟಿನ ಕಣಗಳ ನಡುವಿನ ಗಾಳಿ ಮಾತ್ರ.

ರಸ್ತೆಯಲ್ಲೂ ನಡೆಯುವುದು ಇದೇ. 2.35 ಟನ್ ಎಂಬುದು ರೋಲರ್ ಹೊಡೆದು ಮುಗಿದ ನಂತರದ ಒಂದು ಘನ ಮೀಟರಿನ ತೂಕ. ಅದನ್ನು ರೋಲರ್ ಹೊಡೆದ ನಂತರದ ಘನ ಅಳತೆಯೊಂದಿಗೆ ಮಾತ್ರ ಗುಣಿಸಬೇಕು: 420 × 7 × 0.040 = 117.6 ಘನ ಮೀಟರ್, 117.6 × 2.35 = 276.36 ಟನ್. ಇಲ್ಲ, ಸಡಿಲ ಪದರದಿಂದಲೇ ಲೆಕ್ಕ ಹಿಡಿಯುತ್ತೇನೆ ಎನ್ನುವುದಾದರೆ ಸಾಂದ್ರತೆಯೂ ಸಡಿಲ ಪದರದ್ದೇ ಆಗಬೇಕು: 2.35 ÷ 1.25 = 1.88. ಆಗ 147 × 1.88 = 276.36 ಟನ್. ದಶಾಂಶ ಸ್ಥಾನದವರೆಗೆ ಒಂದೇ ಉತ್ತರ. ನಾನು ಸಡಿಲ ಪದರದ ಘನ ಅಳತೆಗೆ ಗಟ್ಟಿ ಪದರದ ಸಾಂದ್ರತೆಯನ್ನು ಗಂಟು ಹಾಕಿದ್ದೆ. ವ್ಯತ್ಯಾಸ 69.09 ಟನ್, ಪ್ಲಾಂಟಿನಲ್ಲಿ ಮಿಶ್ರಣದ ದರ ಟನ್ನಿಗೆ 5,000 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 3.45 ಲಕ್ಷ ರೂಪಾಯಿ.

ಹಾಗಾದರೆ ಆ 50 ಮಿ.ಮೀ. ಯಾರಿಗೆ ಬೇಕು? ಪೇವರ್ ನಡೆಸುವವರಿಗೆ ಬೇಕು. ಪೇವರಿನ ಹಿಂದೆ ಒಬ್ಬರು ಗುರುತು ಹಾಕಿದ ಸಣ್ಣ ಉಕ್ಕಿನ ಕಡ್ಡಿಯನ್ನು ಬಿಸಿ ಪದರಕ್ಕೆ ಚುಚ್ಚಿ ನೋಡುತ್ತ ಬರುತ್ತಿರುತ್ತಾರೆ. ಆ ಕಡ್ಡಿ ತೋರಿಸಬೇಕಾದದ್ದು ಸಡಿಲ ದಪ್ಪವನ್ನು. ಬಿಲ್ಲಿಗೆ ಹಿಡಿಯುವುದು, ಮರುದಿನ ಕೋರ್ (ಪದರವನ್ನು ಕೊರೆದು ತೆಗೆದ ದುಂಡು ತುಂಡು) ತೆಗೆದು ಅಳೆಯುವುದು ಗಟ್ಟಿಯಾದ ದಪ್ಪವನ್ನು. ಅಂದಾಜು ಪಟ್ಟಿಯಲ್ಲಿ ಕಡ್ಡಿಯ ಅಳತೆಗೆ ಕೆಲಸವಿಲ್ಲ.

ಆದರೆ ಜಲ್ಲಿಯ ವಿಷಯಕ್ಕೆ ಬಂದಾಗ ಇದೇ ನಿಯಮ ನನ್ನನ್ನು ಎರಡನೇ ಸಲ ಬೀಳಿಸಿತು. ಪಾಠ ಕಲಿತ ಹುರುಪಿನಲ್ಲಿ, 276 ಟನ್ ಮಿಶ್ರಣದಲ್ಲಿ ಬಿಟುಮೆನ್ ಕಳೆದು ಉಳಿಯುವ ಜಲ್ಲಿಯ 261 ಟನ್ನನ್ನು ಅದರ ವಿಶಿಷ್ಟ ಗುರುತ್ವವಾದ (ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ) 2.65ರಿಂದ ಭಾಗಿಸಿ 99 ಘನ ಮೀಟರ್ ಎಂದು ಬರೆದೆ. 2.65 ಎಂಬುದು ಪೊಳ್ಳಿಲ್ಲದ ಕಲ್ಲಿನ ಲೆಕ್ಕ. ಜಲ್ಲಿ ನಮಗೆ ಬರುವುದು ರಾಶಿಯಾಗಿ, ಹರಳುಗಳ ನಡುವೆ ಗಾಳಿ ತುಂಬಿಕೊಂಡು. ರಾಶಿಯ ಒಂದು ಘನ ಮೀಟರ್ ಸುಮಾರು 1.5 ಟನ್ ತೂಗುತ್ತದೆ. ಹಾಗಾಗಿ ಬೇಕಾದದ್ದು 174 ಘನ ಮೀಟರ್. ಕ್ರಷರಿನವರು ತೂಕದ ಲೆಕ್ಕದಲ್ಲಿ ಕೊಡುತ್ತಾರಾದರೆ ಈ ತೊಡಕೇ ಇಲ್ಲ. ಲೋಡಿನ ಲೆಕ್ಕದಲ್ಲಿ ಕೊಡುತ್ತಾರಾದರೆ ಸಡಿಲ ಸಾಂದ್ರತೆಯೇ ಸರಿ. ವಸ್ತು ಯಾವ ಸ್ಥಿತಿಯಲ್ಲಿದ್ದಾಗ ಅಳೆಯುತ್ತಿದ್ದೇವೆಯೋ ಆ ಸ್ಥಿತಿಯ ಸಾಂದ್ರತೆ ಹಿಡಿಯಬೇಕು ಎಂದು ಈಗ ನನ್ನ ಪಟ್ಟಿಯ ಪ್ರತಿ ಸಾಲಿನ ಮುಂದೆ “ಸಡಿಲ” ಅಥವಾ “ಗಟ್ಟಿ” ಎಂದು ಒಂದು ಪದ ಬರೆಯುತ್ತೇನೆ.

2.35 ಎಲ್ಲಿಂದ ಬಂತು

ಈ ಅಂಕಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ನೂರು ಭಾಗ ಮಿಶ್ರಣದಲ್ಲಿ 94.6 ಭಾಗ ಜಲ್ಲಿ, ವಿಶಿಷ್ಟ ಗುರುತ್ವ 2.65, 5.4 ಭಾಗ ಬಿಟುಮೆನ್, ವಿಶಿಷ್ಟ ಗುರುತ್ವ 1.02. ಜಲ್ಲಿ ಹೀರಿಕೊಳ್ಳುವ ಬಿಟುಮೆನ್ನನ್ನು ಬದಿಗಿಟ್ಟು ಅವುಗಳ ಘನ ಅಳತೆ ಕೂಡಿಸಿದರೆ 35.70 + 5.29 = 40.99, 100ನ್ನು ಇದರಿಂದ ಭಾಗಿಸಿದರೆ 2.44. ಇದು ಗಾಳಿಯೇ ಇಲ್ಲದ ಮಿಶ್ರಣದ ಲೆಕ್ಕ. ಬಿ.ಸಿ.ಯ ವಿನ್ಯಾಸದಲ್ಲಿ ಶೇ. 3ರಿಂದ 5ರಷ್ಟು ಗಾಳಿಯ ಪೊಳ್ಳು ಉಳಿಯಬೇಕು. ಶೇ. 4 ಕಳೆದರೆ 2.34. ನಮ್ಮ 2.35 ಇದರ ಆಸುಪಾಸಿನಲ್ಲೇ ಇದೆ. ಪ್ಲಾಂಟಿನವರ ಜಾಬ್ ಮಿಕ್ಸ್ ವರದಿ (ಈ ಕೆಲಸದ ಮಿಶ್ರಣದ ವಿನ್ಯಾಸ ವರದಿ) ಕೈಗೆ ಬಂದ ದಿನ, ಪ್ರಯೋಗಾಲಯದಲ್ಲಿ ಮಿಶ್ರಣದ ಬಿಲ್ಲೆಗಳನ್ನು ಕುಟ್ಟಿ ನೋಡುವ ಮಾರ್ಷಲ್ ಪರೀಕ್ಷೆಯ ಸಾಂದ್ರತೆಯನ್ನು ಅದರ ಜಾಗದಲ್ಲಿ ಕೂರಿಸಬೇಕು; ಅಲ್ಲಿ 2.40 ಎಂದಿದ್ದರೆ ನಮ್ಮ ರಸ್ತೆಗೆ ಸುಮಾರು 6 ಟನ್ ಹೆಚ್ಚಾಗುತ್ತದೆ.

ಇದರಿಂದಲೇ ನನಗೆ ಅತ್ಯಂತ ಪ್ರಿಯವಾದ ಅಡ್ಡದಾರಿಯೊಂದು ಸಿಕ್ಕಿತು. ಒಂದು ಚದರ ಮೀಟರಿನಲ್ಲಿ ಒಂದು ಮಿ.ಮೀ. ಗಟ್ಟಿ ದಪ್ಪಕ್ಕೆ 2.35 ಕೆ.ಜಿ. ಮಿಶ್ರಣ. ಹಾಗಾಗಿ 40 ಮಿ.ಮೀ.ಗೆ 94 ಕೆ.ಜಿ., 30 ಮಿ.ಮೀ.ಗೆ 70.5 ಕೆ.ಜಿ. ನಮ್ಮ ರಸ್ತೆಯ ವಿಸ್ತೀರ್ಣ 2,940 ಚದರ ಮೀಟರ್. 94ರಿಂದ ಗುಣಿಸಿದರೆ 2,76,360 ಕೆ.ಜಿ. ಘನ ಮೀಟರಿನ ಮೆಟ್ಟಿಲನ್ನೇ ಹತ್ತದೆ ಉತ್ತರ ಬಂದುಬಿಡುತ್ತದೆ, ಸೊನ್ನೆ ತಪ್ಪುವ ಭಯವೂ ಇಲ್ಲ. ಆ 94 ಕೆ.ಜಿ.ಯಲ್ಲಿ ಬಿಟುಮೆನ್ ಎಷ್ಟು? ಶೇ. 5.4 ಎಂದರೆ 5.08 ಕೆ.ಜಿ. ಚದರ ಮೀಟರಿಗೆ ಐದು ಕೆ.ಜಿ. ಬಿಟುಮೆನ್ ಎಂಬ ಒಂದು ಅಂಕಿ ನೆನಪಿದ್ದರೆ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ನಿಂತುಕೊಂಡೇ 40 ಮಿ.ಮೀ. ಪದರದ ಅಂದಾಜು ಹೇಳಬಹುದು.

ಶೇ. 5.4 ಯಾವುದರ ಮೇಲೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಗಳ 2013ರ ಐದನೇ ಪರಿಷ್ಕರಣೆಯಲ್ಲಿ, 30ರಿಂದ 40 ಮಿ.ಮೀ. ದಪ್ಪಕ್ಕೆ ಹಾಕುವ ಎರಡನೇ ಗ್ರೇಡಿಂಗಿನ (ಜಲ್ಲಿ ಗಾತ್ರಗಳ ಹಂಚಿಕೆಯ) ಬಿ.ಸಿ.ಗೆ ಕನಿಷ್ಠ ಬಿಟುಮೆನ್ ಶೇ. 5.4, 50 ಮಿ.ಮೀ. ದಪ್ಪದ ಮೊದಲನೇ ಗ್ರೇಡಿಂಗಿಗೆ ಶೇ. 5.2. ಈ ಪ್ರಮಾಣ ಒಟ್ಟು ಮಿಶ್ರಣದ ತೂಕದ ಮೇಲೆ, ಜಲ್ಲಿಯ ತೂಕದ ಮೇಲಲ್ಲ. ನಮ್ಮ ರಸ್ತೆಗೆ 276.36ರಲ್ಲಿ ಶೇ. 5.4, ಅಂದರೆ 14.92 ಟನ್ ಬಿಟುಮೆನ್, ಉಳಿದ 261.44 ಟನ್ ಫಿಲ್ಲರ್ (ಸಂದು ತುಂಬುವ ನುಣ್ಣನೆಯ ಪುಡಿ) ಸೇರಿದ ಜಲ್ಲಿ ಮತ್ತು ಜಲ್ಲಿಪುಡಿ. ಜಲ್ಲಿಯ ಮೇಲೆ ಎಂದು ತಿಳಿದು 1.054ರಿಂದ ಭಾಗಿಸಿದರೆ ಬಿಟುಮೆನ್ 14.16 ಟನ್ನಿಗೆ ಇಳಿಯುತ್ತದೆ. ಮುಕ್ಕಾಲು ಟನ್ ಬಿಟುಮೆನ್ ಎಂದರೆ, ಟನ್ನಿಗೆ 50,000 ರೂಪಾಯಿಯಂತೆ, 38,000 ರೂಪಾಯಿ.

ಹೊಸ ಪದರ ಹಳೆಯದಕ್ಕೆ ಅಂಟಲೆಂದು ಮೊದಲು ಸಿಂಪಡಿಸುವ ಟ್ಯಾಕ್ ಕೋಟ್ ಸುಲಭ. ಅದಕ್ಕೆ ದಪ್ಪವಿಲ್ಲ, ವಿಸ್ತೀರ್ಣ ಮಾತ್ರ. ಹಳೆಯ ಡಾಂಬರು ಮೈಮೇಲೆ ಚದರ ಮೀಟರಿಗೆ 0.20ರಿಂದ 0.30 ಕೆ.ಜಿ. ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಬಿಟುಮೆನ್. ನಡುವಿನ 0.25 ಹಿಡಿದರೆ 735 ಕೆ.ಜಿ., ಅಂದರೆ 200 ಲೀಟರಿನ ನಾಲ್ಕು ಡ್ರಮ್.

ವಿಸ್ತೀರ್ಣದಲ್ಲಿ ಅಡಗಿರುವ ಟನ್ನುಗಳು

ಮ್ಯಾನ್‌ಹೋಲ್‌ಗಳನ್ನು ಕಳೆಯಬೇಕೇ ಎಂದು ನಾನು ಒಂದು ಗಂಟೆ ಯೋಚಿಸಿದೆ. 60 ಸೆಂ.ಮೀ. ವ್ಯಾಸದ 20 ಮ್ಯಾನ್‌ಹೋಲ್‌ಗಳ ಒಟ್ಟು ವಿಸ್ತೀರ್ಣ 5.65 ಚದರ ಮೀಟರ್, ಮಿಶ್ರಣ ಅರ್ಧ ಟನ್. ಕಳೆಯದೆ ಬಿಟ್ಟರೆ ನಷ್ಟವಿಲ್ಲ. ಆದರೆ ನಾನು ಪೂರ್ತಿ ಮರೆತಿದ್ದು ಅಡ್ಡರಸ್ತೆಗಳು ಬಂದು ಸೇರುವಲ್ಲಿನ ದುಂಡು ಮೂಲೆಗಳನ್ನು. 6 ಮೀಟರ್ ತ್ರಿಜ್ಯದ ಒಂದು ಮೂಲೆಯ ಹೆಚ್ಚುವರಿ ವಿಸ್ತೀರ್ಣ ತ್ರಿಜ್ಯದ ವರ್ಗದ 0.215ರಷ್ಟು, ಅಂದರೆ 7.7 ಚದರ ಮೀಟರ್. ಐದು ಅಡ್ಡರಸ್ತೆ, ಹತ್ತು ಮೂಲೆ, 77 ಚದರ ಮೀಟರ್, 7 ಟನ್ನಿಗೂ ಮಿಗಿಲು. ಅಗಲವನ್ನೂ ನಕ್ಷೆಯಿಂದ ಎತ್ತಿಕೊಳ್ಳಬಾರದು. ಬಡಾವಣೆಗಳಲ್ಲಿ ಅಡಿಯಲ್ಲೇ ಮಾತು, ಮತ್ತು 24 ಅಡಿಯನ್ನು 7 ಮೀಟರ್ ಎಂದು ದುಂಡಾಗಿಸಿದರೆ ಇಷ್ಟು ಉದ್ದಕ್ಕೆ 12 ಟನ್ ಕೈತಪ್ಪುತ್ತದೆ. ಕೆಳಗೆ ಬರುವ ವೆಚ್ಚದ ಲೆಕ್ಕ ನೇರ ರಸ್ತೆಗೆ ಮಾತ್ರ. ಮೂಲೆಗಳನ್ನು ಬೇರೆ ಸಾಲಿನಲ್ಲಿ ಸೇರಿಸಿದ್ದೇನೆ.

ಪೋಲಿಗೆಂದು ಶೇ. 3 ಸೇರಿಸುವುದನ್ನು ಕೊನೆಯಲ್ಲಿ ಒಂದೇ ಸಲ ಮಾಡಬೇಕು. ನನ್ನ ಮೊದಲ ಪಟ್ಟಿಯಲ್ಲಿ ದಪ್ಪಕ್ಕೊಮ್ಮೆ, ತೂಕಕ್ಕೊಮ್ಮೆ, ಹಣಕ್ಕೊಮ್ಮೆ ಸೇರಿ ಅದು ಶೇ. 9 ದಾಟಿತ್ತು. 276.36ಕ್ಕೆ ಶೇ. 3 ಸೇರಿದರೆ 284.65 ಟನ್, ಟಿಪ್ಪರಿಗೆ 16 ಟನ್ನಿನಂತೆ 18 ಲೋಡ್. ಈ 18 ಲೋಡ್ ಒಟ್ಟಿಗೆ ಬಂದು ಸಾಲುಗಟ್ಟಿ ನಿಂತರೂ ಕಷ್ಟವೇ. ವಿ.ಜಿ.-30 ದರ್ಜೆಯ ಬಿಟುಮೆನ್ನಿನ ಮಿಶ್ರಣ ಪ್ಲಾಂಟಿನಿಂದ 150ರಿಂದ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಟು, ಹಾಸುವಾಗ 140ಕ್ಕಿಂತ ಕೆಳಗಿಳಿಯದೆ ಇರಬೇಕು. ಮೈಸೂರು ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡ ಲೋಡ್ ತಣ್ಣಗಾಗಿ ವಾಪಸ್ ಹೋದರೆ ಪೋಲಿಗೆಂದು ಇಟ್ಟ ಶೇ. 3ರ ಸುಮಾರು ಎರಡರಷ್ಟನ್ನು ಅದೊಂದೇ ತಿಂದುಬಿಡುತ್ತದೆ.

ಹಣ

ಬಿಟುಮೆನ್ 14.923 ಟನ್, ಟನ್ನಿಗೆ 50,000ದಂತೆ 7,46,150 ರೂಪಾಯಿ. ಜಲ್ಲಿ 261.437 ಟನ್, ಟನ್ನಿಗೆ 900ರಂತೆ 2,35,293 ರೂಪಾಯಿ. ಎಮಲ್ಷನ್ 735 ಕೆ.ಜಿ., ಕೆ.ಜಿ.ಗೆ 50ರಂತೆ 36,750 ರೂಪಾಯಿ. ಒಟ್ಟು 10,18,193, ಚದರ ಮೀಟರಿಗೆ ಸುಮಾರು 346 ರೂಪಾಯಿ. ತೆರಿಗೆ, ಪೋಲು, ಪ್ಲಾಂಟಿನ ಇಂಧನ, ಸಾಗಣೆ, ಪೇವರ್, ರೋಲರ್, ಕೂಲಿ ಇದರಲ್ಲಿ ಸೇರಿಲ್ಲ.

ತೂಕದಲ್ಲಿ ಶೇ. 5.4 ಇರುವ ಬಿಟುಮೆನ್ ಸಾಮಗ್ರಿಯ ಹಣದಲ್ಲಿ ಶೇ. 73 ನುಂಗುತ್ತದೆ. ಹೀಗಾಗಿ ಜಲ್ಲಿಯ ಲೆಕ್ಕದಲ್ಲಿ ಒಂದು ಟನ್ ಆಚೀಚೆಯಾದರೆ 900 ರೂಪಾಯಿ ಹೋಗುತ್ತದೆ, ಬಿಟುಮೆನ್ ಪ್ರಮಾಣ ಶೇ. 5.4ರಿಂದ 5.5 ಆದರೆ ಸುಮಾರು 13,800 ರೂಪಾಯಿ ಹೋಗುತ್ತದೆ. ತೈಲ ಕಂಪನಿಗಳು ಬಿಟುಮೆನ್ ದರವನ್ನು ಹದಿನೈದು ದಿನಕ್ಕೊಮ್ಮೆ, ತಿಂಗಳ 1 ಮತ್ತು 16ನೇ ತಾರೀಕಿನಂದು ಪರಿಷ್ಕರಿಸುತ್ತವೆ. ಟನ್ನಿಗೆ 2,000 ಏರಿದರೆ ನಮ್ಮ ಈ ಪುಟ್ಟ ರಸ್ತೆಗೇ ಸುಮಾರು 30,000 ರೂಪಾಯಿ ಹೆಚ್ಚು. ಆದ್ದರಿಂದ ತಿದ್ದಿ ಕೊಟ್ಟ ಪಟ್ಟಿಯಲ್ಲಿ ಬಿಟುಮೆನ್ ದರದ ಪಕ್ಕದಲ್ಲಿ ಅದು ಯಾವ ತಾರೀಕಿನ ದರ ಎಂದು ಬರೆದು, ಮುಂದಿನ ಪರಿಷ್ಕರಣೆಯವರೆಗೆ ಮಾತ್ರ ಈ ಮೊತ್ತ ಎಂದು ಕೆಳಗೆ ಒಂದು ಸಾಲು ಸೇರಿಸಿದೆ. ಈ ಸಲ ಪೆನ್ಸಿಲಿನ ಸುತ್ತು ಬಿದ್ದದ್ದು ಒಂದೇ ಕಡೆ: 735 ಕೆ.ಜಿ. ಎಮಲ್ಷನ್‌ಗೆ ನಾಲ್ಕು ಡ್ರಮ್ ಎಂದು ಬರೆದ ಮೇಲೆ ಹಣವನ್ನೂ ಪೂರ್ತಿ ನಾಲ್ಕು ಡ್ರಮ್ಮಿಗೇ ಹಿಡಿಯಬೇಕಿತ್ತಲ್ಲ ಎಂದು.